ಕೋಡಿನ ಕಾಳಗದಲ್ಲಿ ಫಲಿಸಿದ ಪಟ್ಟುಗಳು

2003ರ ಮಾರ್ಚ್. ಮೈಕ್ರೋಸಾಫ್ಟ್ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಮರ್ ಸ್ಕೀಯಿಂಗ್ ಆಡಲೆಂದು ರಜೆ ಹಾಕಿ ಸ್ವಿಟ್ಜರ್‌ಲೆಂಡಿಗೆ ಹೋಗಿದ್ದರು. ರಜೆಯನ್ನು ಅರ್ಧಕ್ಕೇ ಬಿಟ್ಟು ಜರ್ಮನಿಯ ಮ್ಯೂನಿಕ್‌ಗೆ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡರು. ತನ್ನ ಸುಮಾರು 14,000 ಕಂಪ್ಯೂಟರುಗಳಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಸುವ ಯೋಚನೆ ಆ ನಗರಾಡಳಿತಕ್ಕಿತ್ತು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಮೈಕ್ರೋಸಾಫ್ಟ್ ತನ್ನ ಬೆಲೆಯನ್ನು 3.66 ಕೋಟಿ ಡಾಲರ್‌ನಿಂದ 2.37 ಕೋಟಿಗೆ ಇಳಿಸಿತು. ಲಿನಕ್ಸ್ ಪರವಾಗಿ ಬಂದಿದ್ದ ಟೆಂಡರು ಅದಕ್ಕಿಂತ ಎಷ್ಟೋ ದುಬಾರಿ. ಆದರೂ ಮೇ ತಿಂಗಳಲ್ಲಿ ಪರಿಷತ್ತು ಲಿನಕ್ಸಿಗೇ ಮತ ಹಾಕಿತು.

ಮುಕ್ತ ತಂತ್ರಾಂಶ ಎಂದರೆ ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಎಂದುಕೊಂಡವರು ಈ ಮತದಾನವನ್ನು ಗಮನಿಸಬೇಕು. ವಿವಾದ ಇದ್ದದ್ದು ಸೋರ್ಸ್ ಕೋಡ್ ಬಗ್ಗೆ, ಅಂದರೆ ಪ್ರೋಗ್ರಾಮರ್ ಬರೆಯುವ ಮೂಲ ಸಾಲುಗಳ ಬಗ್ಗೆ. ಸ್ವಾಮ್ಯದ ತಂತ್ರಾಂಶದಲ್ಲಿ ಈ ಸಾಲುಗಳು ಕಂಪನಿಯ ಗುಟ್ಟು. ಬಳಸಲು ಅನುಮತಿ ಸಿಗುತ್ತದೆಯೇ ಹೊರತು ಒಳಗೇನಿದೆ ಎಂದು ನೋಡುವ, ತಿದ್ದುವ, ಹಂಚುವ ಹಕ್ಕು ಸಿಗುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಈ ಮೂರೂ ಹಕ್ಕುಗಳನ್ನು ಲೈಸೆನ್ಸೇ ಬರೆದು ಕೊಡುತ್ತದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅಮೆರಿಕದಲ್ಲಿ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅಂಥ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಬರೆದರು. ಇವೆರಡೂ ಸೇರಿದ ಮೇಲೆ ದೊಡ್ಡ ಕಂಪನಿಗಳಿಗೆ ಮೊದಲ ಬಾರಿ ನಿಜವಾದ ಎದುರಾಳಿ ಸಿಕ್ಕಂತಾಯಿತು.

ಕಂಪನಿಗಳು ಹೂಡಿದ ಮೊದಲ ಪಟ್ಟು ಹೆದರಿಸುವುದು. 2001ರಲ್ಲಿ ಬಾಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದರು. 2003ರಲ್ಲಿ ಎಸ್‌ಸಿಒ ಎಂಬ ಅಮೆರಿಕದ ಕಂಪನಿ, ತನ್ನ ಯೂನಿಕ್ಸ್ ಕೋಡನ್ನು ಲಿನಕ್ಸಿಗೆ ಸೇರಿಸಲಾಗಿದೆ ಎಂದು ಐಬಿಎಂ ಮೇಲೆ 100 ಕೋಟಿ ಡಾಲರ್ ದಾವೆ ಹೂಡಿ, ಆಮೇಲೆ ಬೇಡಿಕೆಯನ್ನು 500 ಕೋಟಿಗೆ ಏರಿಸಿತು. ಲಿನಕ್ಸ್ ಬಳಸುವ ಸಾವಿರಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಹೋಯಿತು. ಆದರೆ ಯೂನಿಕ್ಸ್‌ನ ಹಕ್ಕುಸ್ವಾಮ್ಯ ಎಸ್‌ಸಿಒ ಬಳಿ ಇರಲೇ ಇಲ್ಲ. ಅದು ನಾವೆಲ್ ಕಂಪನಿಯದು ಎಂದು ನ್ಯಾಯಾಲಯ ಹೇಳಿತು. ಎಸ್‌ಸಿಒ ದಿವಾಳಿ ಎದ್ದಿತು. ಉಳಿದ ವ್ಯಾಜ್ಯ 2021ರಲ್ಲಿ ಸುಮಾರು 1.4 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಈ ಹದಿನೆಂಟು ವರ್ಷಗಳಲ್ಲಿ ಲಿನಕ್ಸ್ ಜಗತ್ತಿನ ಸರ್ವರುಗಳನ್ನೂ ಆಂಡ್ರಾಯ್ಡ್ ಮೂಲಕ ಜನರ ಜೇಬುಗಳನ್ನೂ ತಲುಪಿಬಿಟ್ಟಿತ್ತು.

ಹೆದರಿಸಿದರೆ ನಡೆಯುವುದಿಲ್ಲ ಎಂದು ಮೈಕ್ರೋಸಾಫ್ಟ್‌ನ ಒಳಗಿನವರಿಗೇ ಮೊದಲು ಹೊಳೆದಿತ್ತು. 1998ರ ಅಕ್ಟೋಬರ್ ಕೊನೆಯಲ್ಲಿ ಸೋರಿಕೆಯಾಗಿ ‘ಹ್ಯಾಲೋವೀನ್ ದಾಖಲೆ’ ಎಂದು ಹೆಸರಾದ ಆಂತರಿಕ ಟಿಪ್ಪಣಿಯಲ್ಲಿ ಇನ್ನೂ ಹರಿತವಾದ ಸಲಹೆಯೊಂದಿತ್ತು. ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವ ನಿಯಮಾವಳಿಗಳನ್ನು, ಅಂದರೆ ಪ್ರೋಟೋಕಾಲುಗಳನ್ನು, ತಮ್ಮದೇ ರೀತಿಯಲ್ಲಿ ಬೆಳೆಸಿ ಮುಕ್ತ ತಂತ್ರಾಂಶ ಒಳಗೆ ಬರದಂತೆ ಮಾಡುವುದು. ನಿಜವಾದ ಯುದ್ಧ ನಡೆದದ್ದು ಇಲ್ಲೇ.

ಮುಕ್ತ ತಂತ್ರಾಂಶದವರು ಹಾಕಿದ ಮೊದಲ ಪಟ್ಟು ಆ ನಿಯಮಾವಳಿಗಳನ್ನು ಕೇಳಿ ಕಲಿಯುವುದು. ಇದಕ್ಕೆ ಸಾಂಬಾ ಯೋಜನೆಯ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಚೇರಿಯಲ್ಲಿ ವಿಂಡೋಸ್ ಕಂಪ್ಯೂಟರುಗಳು ಫೈಲು, ಪ್ರಿಂಟರು ಹಂಚಿಕೊಳ್ಳುವ ಪ್ರೋಟೋಕಾಲ್ ಒಂದಿದೆ. ಲಿನಕ್ಸ್ ಸರ್ವರಿಗೆ ಅದು ಗೊತ್ತಿಲ್ಲದಿದ್ದರೆ ಆ ಕಚೇರಿಯಲ್ಲಿ ಅದಕ್ಕೆ ಕೆಲಸವೇ ಇಲ್ಲ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ನೆಟ್‌ವರ್ಕ್ ತಂತಿಯಲ್ಲಿ ಹರಿಯುವ ಬೈಟುಗಳನ್ನು ಹಿಡಿದು ನೋಡುತ್ತಾ ಕುಳಿತರು. ಈ ಯಂತ್ರ ಹೀಗೆ ಕೇಳಿದರೆ ಆ ಯಂತ್ರ ಏನು ಉತ್ತರ ಕೊಡುತ್ತದೆ? ಕೇಳಿಕೆಯಲ್ಲಿ ಒಂದು ಬೈಟು ಬದಲಿಸಿದರೆ ಉತ್ತರ ಹೇಗೆ ಬದಲಾಗುತ್ತದೆ? ಫ್ರೆಂಚ್ ಬಾರದವನು ಫ್ರಾನ್ಸಿನ ಹೋಟೆಲಲ್ಲಿ ಕುಳಿತು ಜನ ಏನು ಹೇಳಿದರೆ ಮಾಣಿ ಏನು ತಂದುಕೊಡುತ್ತಾನೆ ಎಂದು ಗಮನಿಸುತ್ತಾ ಭಾಷೆ ಕಲಿತಂತೆ ಎಂದು ಟ್ರಿಜೆಲ್ ತಮ್ಮ ವಿಧಾನವನ್ನು ವಿವರಿಸುತ್ತಿದ್ದರು. ಮೈಕ್ರೋಸಾಫ್ಟ್‌ನ ಕೋಡಿನ ಒಂದು ಸಾಲನ್ನೂ ನೋಡದೆ ಕಲಿತದ್ದಾದ್ದರಿಂದ ಕಾನೂನಿನ ತೊಡಕೂ ಇರಲಿಲ್ಲ.

ಆದರೆ ಕೇಳಿ ಕಲಿಯುವವರು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಇರುತ್ತಾರೆ. ವಿಂಡೋಸಿನ ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಪತ್ತೆದಾರಿಕೆ. 2004ರಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೊ ದಂಡ ಹಾಕಿ, ಪ್ರೋಟೋಕಾಲುಗಳ ವಿವರವನ್ನು ಸ್ಪರ್ಧಿಗಳಿಗೆ ಕೊಡಬೇಕೆಂದು ಆದೇಶಿಸಿತು. ಕಂಪನಿ ಮೇಲ್ಮನವಿ ಹೋಯಿತು. ಜೊತೆಯಲ್ಲೇ ಎದುರಾಳಿಗಳೊಡನೆ ಒಬ್ಬೊಬ್ಬರಾಗಿ ರಾಜಿ ಮಾಡಿಕೊಳ್ಳತೊಡಗಿತು. ಸನ್ ಕಂಪನಿಗೆ ಸುಮಾರು 195 ಕೋಟಿ ಡಾಲರ್, ನಾವೆಲ್‌ಗೆ 53.6 ಕೋಟಿ, ರಿಯಲ್‌ನೆಟ್‌ವರ್ಕ್ಸ್‌ಗೆ 76.1 ಕೋಟಿ. ದುಡ್ಡು ಪಡೆದವರು ಮೊಕದ್ದಮೆಯಿಂದ ಹಿಂದೆ ಸರಿದರು. ಕೊನೆಯವರೆಗೂ ಆಯೋಗದ ಜೊತೆ ನಿಂತವರಲ್ಲಿ ಸಾಂಬಾ ತಂಡವೂ ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನೂ ಇದ್ದವು. ಇಷ್ಟವಿದ್ದವರು ಸೇರಿ ಕಟ್ಟಿದ ತಂಡವನ್ನು ದುಡ್ಡು ಕೊಟ್ಟು ಸುಮ್ಮನಾಗಿಸುವುದು ಆಗದ ಮಾತು. ಲೈಸೆನ್ಸ್ ಕೊಟ್ಟ ಹಕ್ಕನ್ನು ಯಾರೊಬ್ಬರೂ ಮಾರಿಕೊಳ್ಳಲು ಬರುವುದಿಲ್ಲ. 2007ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಮೇಲ್ಮನವಿ ಸೋತಿತು. ಅದೇ ಡಿಸೆಂಬರಿನಲ್ಲಿ ಒಂದೇ ಸಲದ 10,000 ಯೂರೊ ಶುಲ್ಕಕ್ಕೆ ಸಾಂಬಾ ತಂಡದ ಕೈಗೆ ದಾಖಲೆಗಳು ಬಂದವು. ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಇಷ್ಟು ಮುಖ್ಯವಾದ, ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವ ಗೆಲುವು ಇನ್ನೊಂದಿಲ್ಲ.

ಅವರ ಎರಡನೆಯ ಪಟ್ಟು ಲೈಸೆನ್ಸಿನದು. ಸ್ಟಾಲ್ಮನ್ ಬರೆದ ಜಿಪಿಎಲ್ ಲೈಸೆನ್ಸಿನ ಷರತ್ತು ಸರಳ: ನಮ್ಮ ಕೋಡ್ ಸೇರಿಸಿ ಯಂತ್ರ ಮಾರುತ್ತೀರಾದರೆ ಆ ಕೋಡನ್ನೂ ನೀವು ಮಾಡಿದ ತಿದ್ದುಪಡಿಯನ್ನೂ ಗಿರಾಕಿ ಕೇಳಿದಾಗ ಕೊಡಬೇಕು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ವೈಫೈ ರೌಟರ್ ಕೊಂಡ ಕೆಲವರು ಅದರೊಳಗೆ ಲಿನಕ್ಸ್ ಇರುವುದನ್ನು ಪತ್ತೆ ಮಾಡಿ ಕೋಡ್ ಎಲ್ಲಿ ಎಂದು ಕೇಳಿದರು. ಲಿಂಕ್‌ಸಿಸನ್ನು ಅದೇ ವರ್ಷ ಸುಮಾರು 50 ಕೋಟಿ ಡಾಲರಿಗೆ ಕೊಂಡಿದ್ದ ಸಿಸ್ಕೊ ಒತ್ತಡಕ್ಕೆ ಮಣಿದು ಕೋಡ್ ಬಿಡುಗಡೆ ಮಾಡಿತು. ಆ ಕೋಡಿನ ಮೇಲೆ ಮರುವರ್ಷ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ನೂರಾರು ಬಗೆಯ ರೌಟರುಗಳಿಗೆ ಇಂದಿಗೂ ಅದೇ ಆಸರೆ. 2004ರಲ್ಲಿ ಹ್ಯಾರಲ್ಡ್ ವೆಲ್ಟೆ ಎಂಬ ಜರ್ಮನ್ ಪ್ರೋಗ್ರಾಮರ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದು ಜಿಪಿಎಲ್ ಕಾನೂನಿನೆದುರೂ ನಿಲ್ಲುತ್ತದೆ ಎಂದು ತೋರಿಸಿದರು.

ಮೂರನೆಯದು ಕವಲೊಡೆಯುವುದು, ಈ ವೃತ್ತಿಯವರು ಫೋರ್ಕ್ ಎನ್ನುತ್ತಾರೆ. ಓಪನ್‌ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶವನ್ನು ಪೋಷಿಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡಾಗ ಅದರ ಬಳಗಕ್ಕೆ ಹೊಸ ಯಜಮಾನರ ಮೇಲೆ ನಂಬಿಕೆ ಬರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಅವರು ಅದೇ ಕೋಡ್ ತೆಗೆದುಕೊಂಡು ಲಿಬ್ರೆಆಫೀಸ್ ಎಂದು ಬೇರೆಯಾದರು. ಬಳಕೆದಾರರೂ ಅವರ ಹಿಂದೆಯೇ ಹೋದರು. 2023ರಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ತಂತ್ರಾಂಶದ ಲೈಸೆನ್ಸ್ ಬಿಗಿ ಮಾಡಿದಾಗ ಓಪನ್‌ಟೋಫು, 2024ರಲ್ಲಿ ರೆಡಿಸ್ ಕಂಪನಿ ಹಾಗೆಯೇ ಮಾಡಿದಾಗ ವಾಲ್ಕೀ ಹುಟ್ಟಿಕೊಂಡವು. ಮರುವರ್ಷ ರೆಡಿಸ್ ಮತ್ತೆ ಮುಕ್ತ ಲೈಸೆನ್ಸಿನ ಆಯ್ಕೆ ಕೊಟ್ಟಿತು.

ಇನ್ನು ಸರ್ಕಾರಿ ಆದೇಶದ ಪಟ್ಟು. ಇದು ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಆದರೆ ಅಷ್ಟೇ ಸುಲಭವಾಗಿ ಜಾರುತ್ತದೆ. ಮ್ಯೂನಿಕ್ ಹತ್ತು ವರ್ಷ ದುಡಿದು ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದಿತು. ಆದರೆ ಹೊರಗಿನ ಇಲಾಖೆಗಳಿಂದ ಬರುವ ಆಫೀಸ್ ಫೈಲುಗಳು ಸರಿಯಾಗಿ ತೆರೆಯುತ್ತಿರಲಿಲ್ಲ ಎಂಬ ದೂರು ನಿಲ್ಲಲಿಲ್ಲ, ನಗರದ ಐಟಿ ವ್ಯವಸ್ಥೆಯೇ ಹಲವು ವಿಭಾಗಗಳಲ್ಲಿ ಚದುರಿಹೋಗಿತ್ತು, ಮೇಯರ್ ಬದಲಾದರು. 2017ರಲ್ಲಿ ಪರಿಷತ್ತು ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ ಹೋದ ದಾರಿ ಬೇರೆ. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಹಾಕಿದರು, 2006ರಲ್ಲಿ ಫೈರ್‌ಫಾಕ್ಸ್. ಸಿಬ್ಬಂದಿಯ ಕೈ ಅವಕ್ಕೆ ಒಗ್ಗಿದ ಮೇಲೆ, 2008ರಿಂದ, ಅಡಿಯಲ್ಲಿದ್ದ ವಿಂಡೋಸ್ ತೆಗೆದು ಉಬುಂಟು ಲಿನಕ್ಸ್ ತಂದರು. ಪೊಲೀಸರ ಪರದೆಯ ಮೇಲೆ ದಿನಬಳಕೆಯ ತಂತ್ರಾಂಶವೇನೂ ಬದಲಾಗಲಿಲ್ಲ. 2013ರ ಹೊತ್ತಿಗೆ 37,000 ಯಂತ್ರಗಳು ಹೀಗೆ ಬದಲಾಗಿದ್ದವು. ನಮ್ಮ ನೆರೆಯ ಕೇರಳದಲ್ಲಿ ಲಿನಕ್ಸ್ ಶಾಲೆಗಳನ್ನು ಹೊಕ್ಕದ್ದು ಶಿಕ್ಷಕರ ತರಬೇತಿಯ ಮೂಲಕ. ಅದಕ್ಕೇ ಸರ್ಕಾರಗಳು ಬದಲಾದರೂ ಅದು ಅಲ್ಲಿ ಉಳಿದಿದೆ.

ಭಾರತದ ಪಾಲೂ ಸಣ್ಣದಲ್ಲ. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆಯೊಂದು ತಂತ್ರಾಂಶಕ್ಕೆ ಪೇಟೆಂಟಿನ ಬಾಗಿಲು ತೆರೆಯಲಿತ್ತು. 2005ರಲ್ಲಿ ಸಂಸತ್ತು ಪೇಟೆಂಟ್ ಕಾಯ್ದೆಯನ್ನು ತಿದ್ದುವಾಗ ಆ ಭಾಗವನ್ನು ಕೈಬಿಟ್ಟಿತು. ಮೈಕ್ರೋಸಾಫ್ಟ್ ತನ್ನ ದಾಖಲೆ ವಿನ್ಯಾಸವನ್ನು ಅಂತರರಾಷ್ಟ್ರೀಯ ಮಾನಕ ಮಾಡಿಸಲು ಹೊರಟಾಗ ಭಾರತ 2007ರಲ್ಲಿ ಬೇಡ ಎಂದಿತು, 2008ರಲ್ಲೂ ಮಾತು ಬದಲಿಸಲಿಲ್ಲ. ಮಾನಕವೇನೋ ಆಯಿತು, ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲಾ ಜೊತೆ ಭಾರತ ಸಲ್ಲಿಸಿದ ಮೇಲ್ಮನವಿ ಬಿದ್ದುಹೋಯಿತು. ಆದರೆ 2010ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೇ ತಂದಿತು. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಶುರುವಾಗಿ ಮುಂದೆ ‘ಫಾಸ್ ಡಾಟ್ ಇನ್’ ಆದ ಸಮಾವೇಶ ಈ ವಿಷಯದಲ್ಲಿ ಒಂದು ತಲೆಮಾರಿನ ಪ್ರೋಗ್ರಾಮರುಗಳನ್ನು ಬೆಳೆಸಿತು.

ಮುಚ್ಚಿದ ವಿನ್ಯಾಸದ ಬಿಸಿ ಎಂಥದ್ದೆಂದು ಕನ್ನಡಿಗರಿಗೆ ಬೇರೆ ಯಾರೂ ಹೇಳಬೇಕಿಲ್ಲ. ಯೂನಿಕೋಡ್ ಬರುವ ಮುಂಚೆ ಒಂದೊಂದು ಕನ್ನಡ ತಂತ್ರಾಂಶ ಅಕ್ಷರಗಳನ್ನು ಒಂದೊಂದು ರೀತಿ ಇಟ್ಟುಕೊಳ್ಳುತ್ತಿತ್ತು. ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ ಪುಸ್ತಕವನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ. ಅದೇ ಫಾಂಟ್ ಹಾಕಿದರೆ ಮಾತ್ರ ಕನ್ನಡ ಕಣ್ಣಿಗೆ ಬೀಳುತ್ತಿತ್ತು. ಹಾಕಿದರೂ ಅದರಲ್ಲಿ ಒಂದು ಪದ ಹುಡುಕುವುದು ಕಷ್ಟವಾಗುತ್ತಿತ್ತು. ಆ ಕಾಲದ ಕಥೆ, ಲೇಖನ, ಸರ್ಕಾರಿ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದು ಕೋಡ್ ಸಮೇತ ಹಂಚಿದವರು ಬಿಡುವಿನ ವೇಳೆಯಲ್ಲಿ ದುಡಿದ ಕನ್ನಡದ ಯುವಕರು. ಅವರಿಗೆ ನಾಡು ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ.

ಕಣ ಈಗ ಬದಲಾಗಿದೆ. 2016ರಲ್ಲಿ ಮೈಕ್ರೋಸಾಫ್ಟ್ ತಾನೇ ಲಿನಕ್ಸ್ ಫೌಂಡೇಶನ್ ಸೇರಿತು. 2018ರಲ್ಲಿ ಮುಕ್ತ ಕೋಡಿನ ಅತಿ ದೊಡ್ಡ ನೆಲೆಯಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. ಕ್ಲೌಡ್ ಸೇವೆಗಳಲ್ಲಿ ತಂತ್ರಾಂಶ ಗಿರಾಕಿಯ ಯಂತ್ರಕ್ಕೆ ಬರುವುದೇ ಇಲ್ಲ. ಹಾಗಾಗಿ, ಕೊಟ್ಟ ಪ್ರತಿಯೊಡನೆ ಕೋಡೂ ಬರಬೇಕೆನ್ನುವ ಜಿಪಿಎಲ್ ಷರತ್ತು ಅಲ್ಲಿ ನಾಟುವುದಿಲ್ಲ. ಒಳಗೆ ಓಡುತ್ತಿರುವುದು ಲಿನಕ್ಸೇ ಇರಬಹುದು, ಆದರೆ ಪಂಚಾಯ್ತಿಯ ತೆರಿಗೆ ಲೆಕ್ಕವೋ ಆಸ್ಪತ್ರೆಯ ರೋಗಿಗಳ ದಾಖಲೆಯೋ ಗುತ್ತಿಗೆದಾರನ ಸರ್ವರಿನಲ್ಲಿ ಅವನ ವಿನ್ಯಾಸದಲ್ಲೇ ಕುಳಿತಿದ್ದರೆ ಕೋಡ್ ಮುಕ್ತವಾಗಿದ್ದೂ ಪ್ರಯೋಜನವಿಲ್ಲ. ಸಾಂಬಾದವರು ಕೋರ್ಟಿನಲ್ಲಿ ಪಡೆದದ್ದನ್ನು ಇಲ್ಲಿ ಟೆಂಡರಿನ ಕಾಗದದಲ್ಲೇ ಪಡೆಯಬಹುದು: ದತ್ತಾಂಶ ಯಾವ ಮುಕ್ತ ಮಾನಕದಲ್ಲಿರಬೇಕು, ಗುತ್ತಿಗೆ ಮುಗಿದಾಗ ಎಷ್ಟು ದಿನದೊಳಗೆ ಪೂರ್ತಿ ಮರಳಿಸಬೇಕು, ಇಲಾಖೆ ದುಡ್ಡು ಕೊಟ್ಟು ಬರೆಸಿದ ಕೋಡು ಯಾರದ್ದು ಎಂಬ ಷರತ್ತುಗಳನ್ನು ಸಹಿ ಹಾಕುವ ಮುಂಚೆಯೇ ಬರೆಸಿಕೊಳ್ಳಬೇಕು. ಮುಕ್ತ ಮಾನಕದ ಷರತ್ತಿಗೆ ಬೇಕಾದ ಆಧಾರ 2010ರ ನೀತಿಯಲ್ಲೇ ಇದೆ.