‘ನನ್ನ ಮ್ಯಾಲ ಪ್ರಯೋಗ ಮಾಡ್ತಾರೇನು?’: ಸ್ತನ ಕ್ಯಾನ್ಸರ್ ಔಷಧದ ಟ್ರಯಲ್ ನಡೆಯೋದು ಹೀಗೆ

ಕಲಬುರಗಿಯಿಂದ ಮಾತಾಡ್ತಿದ್ದೀನಿ. ಈ ವಾರದ ಸಂಚಿಕೆ ಸ್ವಲ್ಪ ನಮ್ಮ ಮನೆಯ ಮಾತು. ದೊಡ್ಡವ್ವನನ್ನು ಕೇಳಿಯೇ ಹೇಳುತ್ತಿದ್ದೇನೆ. ‘ನನ್ನ ಹೆಸರೊಂದು ಹೇಳಬ್ಯಾಡ, ಉಳಿದದ್ದು ಹೇಳು’ ಅಂದಿದ್ದಾಳೆ.

ದೊಡ್ಡವ್ವ ಕಮಲಾಪುರದವಳು. ಕೆಂಪು ಬಾಳೆಹಣ್ಣಿನ ಕಮಲಾಪುರ. ಅವರಿಗೂ ಒಂದಿಷ್ಟು ಬಾಳೆ ಇದೆ, ಉಳಿದ ಹೊಲದಲ್ಲಿ ತೊಗರಿ. ಹೋದ ವರ್ಷ ಎದೆಯಲ್ಲಿ ಗಂಟೊಂದು ಕೈಗೆ ಹತ್ತಿತು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ನೋವೇ ಇರಲಿಲ್ಲವಲ್ಲ ಅನ್ನೋದು ಅವಳ ಲೆಕ್ಕ. ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ: ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಬಹಳ ಸಲ ನೋಯೋದೇ ಇಲ್ಲ. ನೋವಿಲ್ಲ ಅಂತ ಸುಮ್ಮನೆ ಕೂಡಬೇಡಿ, ನಿಮ್ಮ ಅವ್ವನಿಗೂ ಕೂಡಗೊಡಬೇಡಿ.

ಬಯಾಪ್ಸಿ ಆಯಿತು. ರಿಪೋರ್ಟಿನಲ್ಲಿ ‘ಹರ್‌2 ಪಾಸಿಟಿವ್’ ಅಂತ ಬಂತು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳೋಣ ಅಂತ ಹೈದರಾಬಾದಿನ ಒಂದು ಆಸ್ಪತ್ರೆಗೆ ಹೋದರು. ಅಲ್ಲಿ ಡಾಕ್ಟರು, ‘ಒಂದು ಹೊಸ ಔಷಧದ ಟ್ರಯಲ್ ನಡೆದಿದೆ, ಇಷ್ಟ ಇದ್ದರೆ ಸೇರಬಹುದು, ಓದಿ ನೋಡಿ’ ಅಂತ 22 ಪುಟದ ಇಂಗ್ಲಿಷ್ ಫಾರಂ ಕೈಗೆ ಕೊಟ್ಟರು. ದೊಡ್ಡಪ್ಪ ಬಸ್ ಹತ್ತುವ ಮೊದಲೇ ತೀರ್ಪು ಕೊಟ್ಟುಬಿಟ್ಟ: ‘ಇಲಿ ಮ್ಯಾಲ ಮಾಡೋದು ನಮ್ಮ ಮ್ಯಾಲ ಮಾಡ್ತಾರ. ಬ್ಯಾಡ.’ ಆ ರಾತ್ರಿ 22 ಫೋಟೋ ನನ್ನ ವಾಟ್ಸಾಪಿಗೆ ಬಂದವು. ಮನೆಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವ ನಾನೊಬ್ಬನೇ. ಓದಿದ್ದು ಬಿ.ಕಾಂ. ಬ್ಯಾಲೆನ್ಸ್ ಶೀಟ್ ತೋರಿಸಿದರೆ ಏನಾದರೂ ಹೇಳಿಯೇನು, ಇದರಲ್ಲಿ ನನಗೇನು ತಿಳಿಯಬೇಕು? ಮೇಲಿಂದ ಫೋನಿನಲ್ಲಿ ದೊಡ್ಡವ್ವನ ಹತ್ತಿರ ‘ಸ್ತನ’ ಅನ್ನೋ ಪದ ಬಾಯಿಗೆ ಬರಲಿಲ್ಲ. ಅವಳೂ ‘ಎದಿ ಗಂಟು’ ಅಂತಲೇ ಅಂದಳು. ಅಲ್ಲಿಂದ ಮುಂದೆ ಇಬ್ಬರಿಗೂ ಸಲೀಸಾಯಿತು.

ಅವಳು ಕೇಳಿದ್ದು ಒಂದೇ ಪ್ರಶ್ನೆ. ‘ತಮ್ಮಾ, ನನ್ನ ಮ್ಯಾಲ ಪ್ರಯೋಗ ಮಾಡ್ತಾರೇನು? ಖರೆ ಹೇಳು.’

ಖರೆ ಉತ್ತರ: ಹೌದು. ಆದರೆ ದೊಡ್ಡಪ್ಪ ತಿಳಕೊಂಡ ಹಾಗಲ್ಲ. ಅವಳಿಗೆ ಬಂದಿದ್ದ ಟ್ರಯಲ್ ಮೂರನೇ ಹಂತದ್ದು. ಮೊದಲ ಹಂತದಲ್ಲಿ ಸ್ವಲ್ಪೇ ಜನರ ಮೇಲೆ ಔಷಧ ಎಷ್ಟರ ಮಟ್ಟಿಗೆ ಸುರಕ್ಷಿತ, ಎಷ್ಟು ಡೋಸ್ ತಡೆಯುತ್ತದೆ ಅಂತ ನೋಡುತ್ತಾರೆ. ಎರಡನೆಯದರಲ್ಲಿ ಕೆಲಸ ಮಾಡುತ್ತದಾ ಅಂತ. ಮೂರನೆಯದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗ ಎಲ್ಲರಿಗೂ ಕೊಡುವ ಚಿಕಿತ್ಸೆ. ಇಲ್ಲಿ ಗಮನಿಸಿ: ಇಂಥ ಕ್ಯಾನ್ಸರ್ ಟ್ರಯಲ್‌ನಲ್ಲಿ ‘ಇನ್ನೊಂದು ಗುಂಪು’ ಅಂದರೆ ಬರೀ ಸಕ್ಕರೆ ಗುಳಿಗೆ ಕೊಟ್ಟು ಕೂಡಿಸುವ ಗುಂಪಲ್ಲ. ಅವರಿಗೂ ಸದ್ಯ ಇರುವ ಚಿಕಿತ್ಸೆ ಸಿಗುತ್ತದೆ.

ಯಾವ ಗುಂಪು ಯಾರಿಗೆ ಅಂತ ಡಾಕ್ಟರು ಆರಿಸುವ ಹಾಗಿಲ್ಲ. ಭಿಶಿಯಲ್ಲಿ ಚೀಟಿ ಎತ್ತಿದ ಹಾಗೆ, ಕಂಪ್ಯೂಟರ್ ಎತ್ತುತ್ತದೆ. ಇದು ದೊಡ್ಡವ್ವನಿಗೆ ಸೇರಲೇ ಇಲ್ಲ. ‘ಡಾಕ್ಟರಿಗೆ ಗೊತ್ತಿರಲ್ಲೇನು, ಯಾರಿಗಿ ಯಾವುದು ಛಲೋ ಅಂತ?’ ಅಂದಳು. ನಾನು ಬಾಳೆ ತೋಟದ ಮಾತು ತೆಗೆದೆ. ಹೊಸ ಗೊಬ್ಬರ ಬಂದಿದೆ ಅಂತ ಇಟ್ಕೋ. ನೀನು ಅದನ್ನು ಬಾವಿ ಬದಿಯ ಛಲೋ ಮಣ್ಣಿಗೇ ಹಾಕ್ತೀ, ಹಳೇದನ್ನು ಆ ಕಡೆ ಗರಸು ನೆಲಕ್ಕೆ. ಗೊನೆ ದೊಡ್ಡದು ಬಂತು ಅಂದರೆ ಅದು ಗೊಬ್ಬರದಿಂದಲೋ, ಮಣ್ಣಿನಿಂದಲೋ? ಡಾಕ್ಟರೂ ಮನುಷ್ಯರೇ. ಗಟ್ಟಿಮುಟ್ಟಾಗಿರುವ ರೋಗಿಗೆ ಹೊಸ ಔಷಧ, ಸೋತವರಿಗೆ ಹಳೆಯದು ಅಂತ ಅವರಿಗೇ ತಿಳಿಯದೆ ಆಗಿಬಿಡಬಹುದು. ಆಮೇಲೆ ಬಂದ ಲೆಕ್ಕ ಯಾವ ಆಡಿಟಿಗೂ ನಿಲ್ಲೋದಿಲ್ಲ. ‘ಹಂಗಂದ್ರ ಚೀಟಿನೇ ಖರೆ’ ಅಂದಳು.

ಈಗ ‘ಹರ್‌2’ ಅಂದರೇನು ನೋಡೋಣ. ಸ್ತನ ಕ್ಯಾನ್ಸರ್ ಅನ್ನೋದು ಒಂದೇ ಕಾಯಿಲೆ ಅಲ್ಲ. ನೂರರಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಕ್ಯಾನ್ಸರ್ ಕೋಶದ ಮೇಲೆ ಹರ್‌2 ಎಂಬ ಪ್ರೋಟೀನು ಅತಿಯಾಗಿರುತ್ತದೆ. ಅದು ಕೋಶಕ್ಕೆ ‘ಬೆಳಿ, ಬೆಳಿ’ ಅಂತ ಹೇಳುತ್ತಲೇ ಇರುತ್ತದೆ. ಇಂಥ ಗಂಟು ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ ಅಂತ 1987ರಲ್ಲಿ ಅಮೆರಿಕದ ಡೆನಿಸ್ ಸ್ಲಾಮನ್ ತಂಡ ತೋರಿಸಿತು. ಆ ಪ್ರೋಟೀನಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುವ ಔಷಧವೇ ಟ್ರಾಸ್ಟುಜುಮ್ಯಾಬ್, ಕಂಪನಿ ಹೆಸರು ಹರ್ಸೆಪ್ಟಿನ್. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆ ಒಪ್ಪಿಗೆಯ ಹಿಂದೆ ಇದ್ದವರು 469 ಮಂದಿ ಹೆಣ್ಣುಮಕ್ಕಳು. ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದ್ದವರು. ಬರೀ ಕೀಮೋ ತಗೊಂಡವರಲ್ಲಿ ಒಂದು ವರ್ಷದೊಳಗೆ ಶೇ. 33 ಮಂದಿ ತೀರಿಕೊಂಡಿದ್ದರು. ಕೀಮೋ ಜೊತೆಗೆ ಹೊಸ ಔಷಧವನ್ನೂ ತಗೊಂಡವರಲ್ಲಿ ಶೇ. 22. ಅದೇ ಟ್ರಯಲ್‌ನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಆಂಥ್ರಾಸೈಕ್ಲಿನ್ ಅನ್ನೋ ಜಾತಿಯ ಕೀಮೋ ಜೊತೆ ಈ ಔಷಧ ಕೊಟ್ಟಾಗ ಶೇ. 27 ಮಂದಿಗೆ ಹೃದಯಕ್ಕೆ ತೊಂದರೆಯಾಗಿತ್ತು. ಇವತ್ತು ಟ್ರಾಸ್ಟುಜುಮ್ಯಾಬ್ ಶುರು ಮಾಡುವ ಮೊದಲು ಎಕೋ ಮಾಡಿಸಿ ಅಂತಾರಲ್ಲ, ನಡುನಡುವೆ ಮತ್ತೆ ಮಾಡಿಸ್ತಾರಲ್ಲ, ಅದಕ್ಕೆ ಕಾರಣ ಅವರು. ಈ ಎಕೋ ಮಾತು ನೆನಪಿಟ್ಟುಕೊಳ್ಳಿ, ದೊಡ್ಡವ್ವನ ಕತೆಯಲ್ಲಿ ಮತ್ತೆ ಬರುತ್ತದೆ.

ಔಷಧ ಬಂತು ಸರಿ, ದುಡ್ಡು? ಇದು ನನ್ನ ಸಬ್ಜೆಕ್ಟು. ಸಾಮಾನ್ಯವಾಗಿ ಒಂದು ವರ್ಷ, ಮೂರು ವಾರಕ್ಕೊಂದು ಡೋಸ್. 17–18 ಡೋಸ್ ಆಗುತ್ತದೆ. ಇಲ್ಲಿ ನಮ್ಮ ಬೆಂಗಳೂರು ಬರುತ್ತದೆ. 2014ರ ಆರಂಭದಲ್ಲಿ ಬಯೋಕಾನ್ ಕಂಪನಿ ಇದೇ ಔಷಧದ ಬಯೋಸಿಮಿಲರನ್ನು ಕ್ಯಾನ್‌ಮ್ಯಾಬ್ ಅನ್ನೋ ಹೆಸರಲ್ಲಿ ಭಾರತದ ಮಾರುಕಟ್ಟೆಗೆ ತಂತು. 440 ಮಿಲಿಗ್ರಾಂ ಬಾಟಲಿಗೆ 57,500 ರೂಪಾಯಿ, ಮೂಲ ಔಷಧಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಹೌದು, ಆಗಲೂ ಕಮಲಾಪುರದ ಮನೆಗೆ ಅದು ಸಣ್ಣ ಮೊತ್ತವಲ್ಲ. ಬಯೋಸಿಮಿಲರ್ ಅಂದರೆ ಜೆನೆರಿಕ್ ಗುಳಿಗೆ ಇದ್ದ ಹಾಗಲ್ಲ. ಗುಳಿಗೆಯ ರಾಸಾಯನಿಕವನ್ನು ಹಾಗೇ ನಕಲು ಮಾಡಬಹುದು. ಇದು ಜೀವಂತ ಕೋಶಗಳಲ್ಲಿ ತಯಾರಾಗುವ ದೊಡ್ಡ ಪ್ರೋಟೀನು, ಒಬ್ಬರ ಅಡುಗೆಮನೆಯ ಹೆಪ್ಪು ಇನ್ನೊಬ್ಬರ ಮನೆಯಲ್ಲಿ ಅದೇ ರುಚಿ ಕೊಡ್ತದಾ ಅಂತ ನೋಡಬೇಕಾಗುತ್ತದೆ. ಮೂಲ ಔಷಧದ ರೋಶ್ ಕಂಪನಿ ದಿಲ್ಲಿ ಹೈಕೋರ್ಟಿಗೂ ಹೋಯಿತು.

ಅಮೆರಿಕದ ಒಪ್ಪಿಗೆ ಬೇಕಾದರೆ ದೊಡ್ಡ ಟ್ರಯಲ್ ಬೇಕಿತ್ತು. ಬಯೋಕಾನ್ ಮತ್ತು ಮೈಲಾನ್ ಸೇರಿ ‘ಹೆರಿಟೇಜ್’ ಅನ್ನೋ ಟ್ರಯಲ್ ನಡೆಸಿದವು. 500 ಮಂದಿ ಹೆಣ್ಣುಮಕ್ಕಳು. ಚೀಟಿ ಎತ್ತಿ ಒಂದು ಗುಂಪಿಗೆ ಬೆಂಗಳೂರಿನ ಔಷಧ, ಇನ್ನೊಂದಕ್ಕೆ ಹರ್ಸೆಪ್ಟಿನ್, ಎರಡೂ ಕಡೆ ಕೀಮೋ ಇದ್ದೇ ಇತ್ತು. 24 ವಾರಕ್ಕೆ ಲೆಕ್ಕ ಹಾಕಿದಾಗ, ಗಂಟು ಸಾಕಷ್ಟು ಕುಗ್ಗಿದವರು ಮೊದಲ ಗುಂಪಿನಲ್ಲಿ ಶೇ. 69.6, ಎರಡನೆಯದರಲ್ಲಿ ಶೇ. 64. ಬೆಂಗಳೂರಿನದೇ ಮೇಲು ಅಂತ ಇದರ ಅರ್ಥವಲ್ಲ. ಎರಡೂ ಸಮ ಅಂತ ಹೇಳೋಕೆ ಇದು ಸಾಕು, ಅಷ್ಟೇ. 2017ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಕೊಂಡ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಇದು.

ಕಂಪನಿ ದುಡ್ಡು ಹಾಕೋದು ಮಾರೋಕೆ. ಹಾಗಾದರೆ ಮಾರಿ ಲಾಭ ಬರದ ಔಷಧದ ಟ್ರಯಲ್ ಯಾರು ಮಾಡ್ತಾರೆ? ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಮುಂಬೈಯದು. ಅಣುಶಕ್ತಿ ಇಲಾಖೆಯಡಿ ಬರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡವೆ ಮತ್ತು ತಂಡ, ದೇಶದ 11 ಕ್ಯಾನ್ಸರ್ ಕೇಂದ್ರಗಳಲ್ಲಿ 1,600 ಮಂದಿ ರೋಗಿಗಳ ಮೇಲೆ ಒಂದು ಸರಳ ವಿಷಯ ನೋಡಿದರು. ಆಪರೇಷನ್‌ಗೆ ಸ್ವಲ್ಪ ಮುಂಚೆ, ಗಂಟಿನ ಸುತ್ತ ಲಿಡೋಕೇನ್ ಇಂಜೆಕ್ಷನ್. ಹಲ್ಲು ಕೀಳುವಾಗ ಜೋಮು ಹಿಡಿಸ್ತಾರಲ್ಲ, ಅದೇ ಔಷಧ. ಆಪರೇಷನ್ ವೇಳೆ ಕ್ಯಾನ್ಸರ್ ಕೋಶಗಳು ಬೇರೆಡೆ ಚದುರುವುದನ್ನು ಇದು ತಡೆಯಬಹುದು ಎಂಬುದು ಅವರ ಊಹೆ. ಐದು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಇಂಜೆಕ್ಷನ್ ಗುಂಪಿನಲ್ಲಿ ಶೇ. 86.6, ಇನ್ನೊಂದರಲ್ಲಿ ಶೇ. 82.6. ಬದುಕಿದ್ದವರು ಶೇ. 90.1 ಮತ್ತು 86.4. 2023ರಲ್ಲಿ ಪ್ರಕಟವಾಯಿತು. ನೂರಕ್ಕೆ ನಾಲ್ಕು ಅಂದರೆ ಏನು ಮಹಾ ಅನ್ನಬಹುದು. ನೂರು ರೂಪಾಯಿ ಆಸುಪಾಸಿನ ಔಷಧ ಅದು. ನಮ್ಮ ದೇಶದಲ್ಲಿ 2022ರ ಅಂದಾಜಿನ ಪ್ರಕಾರ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ರೋಗಿಗಳು. ಅವರಲ್ಲಿ ಆಪರೇಷನ್ ಆಗುವವರನ್ನು ಲೆಕ್ಕಕ್ಕೆ ಹಿಡಿದು ನೂರಕ್ಕೆ ನಾಲ್ಕು ಎಷ್ಟಾಯಿತು, ನೀವೇ ಗುಣಿಸಿ.

ಹಾಗಂತ ದೊಡ್ಡಪ್ಪನ ಹೆದರಿಕೆ ಹುಚ್ಚು ಅಂತ ನಾನು ಅನ್ನಲಾರೆ. 2009–10ರಲ್ಲಿ ಈಗಿನ ತೆಲಂಗಾಣದ ಖಮ್ಮಂನಲ್ಲಿ, ಗುಜರಾತಿನ ವಡೋದರಾದಲ್ಲಿ ಶಾಲೆಯ ಹುಡುಗಿಯರ ಮೇಲೆ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಏಳು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಅಂತ ತನಿಖೆ ಹೇಳಿತು. ಆದರೆ ಅಪ್ಪ ಅವ್ವ ಹಾಕಬೇಕಾದ ಸಹಿಯನ್ನು ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಬರೆಯಿತು. ಸುಪ್ರೀಂ ಕೋರ್ಟೂ ಟ್ರಯಲ್‌ಗಳ ಬಗ್ಗೆ ಬಿಗಿಯಾಯಿತು. ಆಮೇಲೆ ಬಂದದ್ದೇ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು.

ಈ ನಿಯಮ ಹಿಡಕೊಂಡೇ ನಾನು ಆ 22 ಪುಟ ಮತ್ತೆ ಓದಿದೆ. ಹತ್ತನೇ ಪುಟದಲ್ಲಿತ್ತು: ಯಾವಾಗ ಬೇಕಾದರೂ ಬಿಟ್ಟುಬರಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲೋದಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ಕೊನೆಯಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್. ಅದು ಆಸ್ಪತ್ರೆ ಡಾಕ್ಟರುಗಳದೇ ಕಮಿಟಿ ಅಲ್ಲ, ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಅದರಲ್ಲಿ ಇರಲೇಬೇಕು. ಓದಲು ಬಾರದವರಾದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಕೂತಿರಬೇಕು. ಎಲ್ಲಕ್ಕಿಂತ ಮುಖ್ಯ, ಫಾರಂ ರೋಗಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು.

ನಾನು ಅಲ್ಲಿಗೇ ಫೋನ್ ಹಚ್ಚಿದೆ. ‘ಕನ್ನಡದಾಗ ಕೊಡ್ರಿ.’ ತೆಲುಗು ಇದೆ, ಹಿಂದಿ ಇದೆ ಅಂದರು. ದೊಡ್ಡವ್ವ ಹಿಂದಿ ಮಾತಾಡ್ತಾಳೆ, ಓದೋಕೆ ಬರಲ್ಲ. ಮೂರು ಸಲ ಕೇಳಿದ ಮೇಲೆ, ಹತ್ತು ದಿನಕ್ಕೆ ಕನ್ನಡ ಪ್ರತಿ ಬಂತು. ಅನುವಾದ ಎಂಥದಿತ್ತು ಅಂದರೆ, ‘ಪ್ರತಿಕೂಲ ಘಟನೆ’ ಅಂತ ಓದಿ ದೊಡ್ಡಪ್ಪ ಬಸ್ ಅಪಘಾತ ಅಂತ ತಿಳಕೊಂಡ. ಅಡ್ಡಪರಿಣಾಮ ಅಂತ ಬರೆದಿದ್ದರೆ ಏನಾಗ್ತಿತ್ತು?

ಫಾರಂ ಮೇಲೆ ಸಿಟಿಆರ್‌ಐ ನಂಬರ್ ಇದೆಯಾ ನೋಡಿ. ಅದು ದೇಶದ ಟ್ರಯಲ್‌ಗಳ ಸರಕಾರಿ ದಾಖಲೆ, 2009ರ ಜೂನ್‌ನಿಂದ ಔಷಧ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಮೊಬೈಲಿನಲ್ಲೇ ಅವರ ವೆಬ್‌ಸೈಟ್ ತೆರೆದು ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಹಂತ, ಯಾವ ಯಾವ ಆಸ್ಪತ್ರೆ ಎಲ್ಲ ಬರುತ್ತದೆ. ನಾನು ಹಾಕಿ ನೋಡಿದೆ, ಇತ್ತು. ಆಮೇಲೆ ದೊಡ್ಡವ್ವನೇ ಡಾಕ್ಟರಿಗೆ ಕೇಳಲಿ ಅಂತ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಟ್ಟೆ: ಸೇರದಿದ್ದರೆ ನನಗೆ ಯಾವ ಚಿಕಿತ್ಸೆ? ಬಂದು ಹೋಗುವ ಖರ್ಚು ಯಾರದು? ಟ್ರಯಲ್ ಮುಗಿದ ಮೇಲೆ ಆ ಔಷಧದಿಂದ ಗುಣ ಆಗುತ್ತಿದ್ದರೆ ಮುಂದೂ ಕೊಡ್ತೀರಾ? ನಾಲ್ಕನೆಯದು ಅವಳೇ ಸೇರಿಸಿದಳು: ‘ನಿಮ್ಮ ಮನಿ ಹೆಣ್ಮಗಳಾದ್ರ ಸೇರಸ್ತಿದ್ರೇನ್ರಿ?’ ಡಾಕ್ಟರು ನಕ್ಕು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೇರಿಸ್ತಿದ್ದೆ, ಆದ್ರ ನಿಮ್ಮಷ್ಟೇ ಪ್ರಶ್ನೆ ಕೇಳಿ’ ಅಂದರಂತೆ.

ಅವಳು ಸಹಿ ಹಾಕಿದಳು. ದೊಡ್ಡಪ್ಪ ಎರಡು ದಿನ ಮಾತು ಬಿಟ್ಟ. ಸೇರಿಸಿಕೊಳ್ಳುವ ಮೊದಲಿನ ತಪಾಸಣೆಯಲ್ಲಿ ಎಕೋ ಆಯಿತು. ಹೃದಯ ರಕ್ತ ಒತ್ತುವ ಲೆಕ್ಕ ಕನಿಷ್ಠ 50 ಇರಬೇಕಿತ್ತು, ಅವಳದು 48 ಬಂತು. ಟ್ರಯಲ್‌ಗೆ ಆಗೋದಿಲ್ಲ ಅಂದರು. ಇಷ್ಟೆಲ್ಲ ಓಡಾಡಿ ಹಿಂಗಾಯ್ತಲ್ಲ ಅಂತ ನನಗೇ ಹೆಚ್ಚು ಬೇಜಾರು. ಆದರೆ ಆ ಎಕೋ ಆಗದೇ ಇದ್ದಿದ್ದರೆ ಹೃದಯದ ವಿಷಯ ತಿಳಿಯುತ್ತಲೇ ಇರಲಿಲ್ಲ.

ಈಗ ಕಲಬುರಗಿಯಲ್ಲೇ ಚಿಕಿತ್ಸೆ. ಹೃದಯದ ಡಾಕ್ಟರ ನಿಗಾದಲ್ಲಿ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್, ಮೂರು ವಾರಕ್ಕೊಮ್ಮೆ. ಬೆಳಿಗ್ಗೆ ಕಮಲಾಪುರದಿಂದ ಬಸ್ಸಿಗೆ ಬರ್ತಾಳೆ, ಸಂಜೆ ನಮ್ಮ ಮನೆಯಲ್ಲಿ ಊಟ ಮಾಡಿ ಹೋಗ್ತಾಳೆ. ಎಂಟು ಡೋಸ್ ಆಗಿದೆ. ಮುಂದಿನ ತಿಂಗಳು ಮತ್ತೆ ಎಕೋ.

ಒಂದು ವಿನಂತಿ: ನಿಮ್ಮ ಮನೆಯಲ್ಲಿ ಇಂಥ ಫಾರಂ ಬಂದಿದ್ದರೆ ಅದರ ಫೋಟೋ ನನಗೆ ಕಳಿಸಬೇಡ್ರಿ, ನಾನು ಡಾಕ್ಟರಲ್ಲ. ಕನ್ನಡ ಪ್ರತಿ ಕೇಳಿ, ಸಿಟಿಆರ್‌ಐ ನಂಬರ್ ನೋಡಿ, ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ. ಫೋನ್ ಎತ್ತದಿದ್ದರೆ ಆಗ ನನಗೆ ಬರೀರಿ. ಮುಂದಿನ ವಾರ ಆಸ್ಪತ್ರೆ ಬಿಲ್ಲು ಓದೋದು ಹ್ಯಾಂಗ ಅಂತ ಮಾತಾಡೋಣ. ಅದು ನಿಜಕ್ಕೂ ನನ್ನ ಸಬ್ಜೆಕ್ಟು. ಬರ್ತೀನ್ರಿ.