ನಿಮಗಿದು ಗೊತ್ತೆ? ನೀರಿನ ಘಟಕಕ್ಕೆ ಅಂಕ ಕೊಡುವುದು ಬ್ಯಾಕ್ಟೀರಿಯಾ!

● ಮೇಟಗಳ್ಳಿ ಸೇರಿದಂತೆ ಮೈಸೂರು ನಗರ ಕುಡಿಯುವುದು ಕಾವೇರಿ, ಕಬಿನಿಯ ನೀರು. ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ ನೀರು ನಗರಕ್ಕೆ ಬರುತ್ತದೆ.

● ಈ ನೀರಿನ ಶುದ್ಧೀಕರಣ ಸರಿಯಾಗಿ ನಡೆದಿದೆಯೇ ಎಂಬುದನ್ನು ತಿಳಿಯಲು ಒಂದೊಂದೇ ರೋಗಾಣುವನ್ನು ಹುಡುಕುತ್ತಾ ಕೂರುವುದಿಲ್ಲ. ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಸಿಕ್ಕರೆ, ನೀರಿಗೆ ಮಲ ಸೇರಿದೆ ಎಂದೇ ಅರ್ಥ.

● ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ. ಕೊಲೈ ಕೂಡ ಕಾಣಬಾರದು.

● ಘಟಕದೊಳಕ್ಕೆ ಬರುವ ನೀರು, ಸೋಸಿದ ನೀರು, ಕ್ಲೋರಿನ್ ಬೆರೆಸಿದ ನೀರು, ಮನೆಯ ನಲ್ಲಿ ನೀರು ಎಲ್ಲವನ್ನೂ ಪರೀಕ್ಷಿಸಿದರೆ ಯಾವ ಹಂತ ಸೋತಿದೆ ಎಂಬುದು ತಿಳಿಯುತ್ತದೆ. ಘಟಕದಲ್ಲಿ ಶುದ್ಧವಾಗಿದ್ದು ನಲ್ಲಿಯಲ್ಲಿ ಕೆಟ್ಟಿದ್ದರೆ, ದೋಷ ಬಹುತೇಕ ಕೊಳವೆಯದು ಇಲ್ಲವೇ ತೊಟ್ಟಿಯದು.

● 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಕಾಲರಾ ಕಾಡಿತು. ಹ್ಯಾಂಬರ್ಗ್‌ನಂತೆಯೇ ಎಲ್ಬೆ ನದಿಯ ನೀರನ್ನು ಬಳಸಿದರೂ ಅದನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ಪಕ್ಕದ ಆಲ್ಟೊನಾ ಬಹುಪಾಲು ಪಾರಾಯಿತು. ಆಗಲೇ ವಿಜ್ಞಾನಿ ರಾಬರ್ಟ್ ಕಾಕ್, ಸೋಸಿದ ನೀರಿನ ಬ್ಯಾಕ್ಟೀರಿಯಾಗಳನ್ನು ಎಣಿಸಿ ಘಟಕದ ಕೆಲಸವನ್ನು ಅಳೆಯಬೇಕು ಎಂದರು.

● ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್‌ಗೆ ಸುಲಭವಾಗಿ ಬಗ್ಗದು. ಆದ್ದರಿಂದ ಸೋಸುವ ಹಂತವನ್ನು ಕಡೆಗಣಿಸುವಂತಿಲ್ಲ.

● ನೀರಿಗೆ ಬಣ್ಣ, ವಾಸನೆ ಇಲ್ಲವೆಂದು ನಂಬಿ ಕೂರಬೇಡಿ. ಅನುಮಾನ ಬಂದರೆ ಕುದಿಸಿ ಕುಡಿಯಿರಿ, ಪರೀಕ್ಷೆಗೆ ಒತ್ತಾಯಿಸಿ.