ಅಂಬಾಸಿಡರಿನ ನಡುಕ

ಕಲ್ಕತ್ತೆಯಲ್ಲಿ ನೆಲಸಿದ ನಮ್ಮವರಿಗೆ ಅಂಬಾಸಿಡರಿನ ಪರಿಚಯ ಹೇಳಬೇಕಾದ್ದಿಲ್ಲ. ಹೌರಾ ಸ್ಟೇಷನ್ನಿನಲ್ಲಿ ಇಳಿದ ದಿನ ನಮ್ಮ ಟ್ರಂಕು ಹಾಸಿಗೆಗಳನ್ನು ನೆತ್ತಿಯ ಮೇಲೆ ಹೊತ್ತು, ಲೇಕ್ ಮಾರ್ಕೆಟ್ಟಿನವರೆಗೆ ತಂದುಬಿಟ್ಟದ್ದು ಆ ಹಳದಿ ಟ್ಯಾಕ್ಸಿಯೇ ಅಲ್ಲವೆ? ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಈ ಗಾಡಿ, ಇಲ್ಲಿಗೆ ಸಮೀಪದ ಉತ್ತರಪಾಡಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ೨೦೧೪ರ ಮೇ ತಿಂಗಳವರೆಗೆ ತಯಾರಾಯಿತು. ಆಮೇಲೆ ಬಿಡಿಭಾಗಗಳಿಗೆ ಅಲೆದಾಟ ಶುರುವಾಯಿತು.

ನಮ್ಮ ತೀರ್ಥರೂಪರು ಕೊಂಡ ಗಾಡಿಗೂ ಅದೇ ಗತಿ. ಎಂಜಿನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಷಾಫ್ಟು ಕೆಟ್ಟಿತು. ಹೊಸದು ಸಿಕ್ಕದೆ, ಒಂದು ಗ್ಯಾರೇಜಿನವರು ಬೇರೆ ಷಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿ ಕೂರಿಸಿದರು. ಅಂದಿನಿಂದ ಗಂಟೆಗೆ ೫೦ ಕಿಲೋಮೀಟರು ದಾಟಿದರೆ ಸೀಟು ಸಮೇತ ನಡುಕ! ಟೈರು ಬದಲಾಯಿಸಿದೆವು, ಚಕ್ರದ ತೂಕ ಸರಿಮಾಡಿಸಿದೆವು; ಗುಣವಾಗಲಿಲ್ಲ. ಗುಜರಿಗೆ ಹಾಕುವ ಮಾತೂ ಮನೆಯಲ್ಲಿ ಬಂತು.

ಕೊನೆಗೆ ಮಲ್ಲಿಕ್ ಬಜಾರಿನ ಒಬ್ಬ ಮುದುಕ ಮಿಸ್ತ್ರಿ ಷಾಫ್ಟನ್ನು ಬಿಚ್ಚಿ ಮಟ್ಟಸವಾದ ಮೇಜಿನ ಮೇಲಿಟ್ಟ. “ನೋಡಿ ಬಾಬೂ, ಎರಡು ಕೊನೆಯ ಕವಲುಗಳು ಒಂದನ್ನೊಂದು ನೋಡುತ್ತಿಲ್ಲ,” ಎಂದ.

ಗುಟ್ಟು ಅಷ್ಟೇ. ಗೇರುಪೆಟ್ಟಿಗೆ ಗಾಡಿಯ ಮೈಗೆ ಅಂಟಿಕೊಂಡಿರುತ್ತದೆ. ಹಿಂದಿನ ಆಕ್ಸಲು ಪಟ್ಟಿ ಸ್ಪ್ರಿಂಗುಗಳ ಮೇಲೆ ಏರಿ ಇಳಿಯುತ್ತದೆ. ಆದ್ದರಿಂದ ನಡುವಿನ ಷಾಫ್ಟಿಗೆ ಎರಡು ಕಡೆಯೂ ಬಾಗುವ ಕೀಲು ಬೇಕು. ಆದರೆ ಬಾಗಿದ ಕೀಲು ಒಂದೇ ಸಮನೆ ತಿರುಗಿಸದು; ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ೧೦ ಡಿಗ್ರಿ ಬಾಗಿದ್ದರೆ, ನಿಮಿಷಕ್ಕೆ ೧೦೦೦ ಸುತ್ತಿನ ವೇಗ ಆಚೆಗೆ ಹೋಗುವಾಗ ೯೮೫ಕ್ಕೂ ೧೦೧೫ಕ್ಕೂ ನಡುವೆ ತೂಗಾಡುತ್ತದೆ. ಮೊದಲ ಕೀಲಿನ ಈ ತಪ್ಪನ್ನು ಎರಡನೆಯದು ತಿದ್ದಬೇಕು. ಅದಕ್ಕೆ ಷಾಫ್ಟಿನ ಎರಡು ಕವಲುಗಳೂ ಒಂದೇ ಮಟ್ಟದಲ್ಲಿರಬೇಕು; ಎರಡು ಕೀಲುಗಳ ಬಾಗೂ ಸಮವಿರಬೇಕು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದಂತೆ: ಲಯ ತಪ್ಪಿದರೆ ಕುಟ್ಟುವುದು ಅಕ್ಕಿಯನ್ನಲ್ಲ, ಒನಕೆಯನ್ನು!

ಮಿಸ್ತ್ರಿ ಬೆಸುಗೆ ಬಿಡಿಸಿ, ಕವಲುಗಳನ್ನು ಮಟ್ಟಕ್ಕೆ ತಂದು, ಮತ್ತೆ ಬೆಸೆದು, ಷಾಫ್ಟಿನ ತೂಕವನ್ನೂ ಸರಿಮಾಡಿಸಿದ. ಗೇರುಪೆಟ್ಟಿಗೆಯ ಕೆಳಗೆ ಕುಸಿದಿದ್ದ ರಬ್ಬರನ್ನು ಬದಲಾಯಿಸಿದ. ಅದು ಕುಸಿದರೆ ಬಾಗು ಸಮವಾಗದು.

ಹಳೆಯ ಗಾಡಿ ಇಟ್ಟುಕೊಂಡ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಷಾಫ್ಟು ಬಿಚ್ಚಿಸುವ ಮುನ್ನ, ಕೂಡುವ ಎರಡು ಬಿಲ್ಲೆಗಳ ಮೇಲೂ ಬಣ್ಣದ ಗುರುತು ಹಾಕಿಸಿರಿ. ಕೂರಿಸುವಾಗ ಆ ಗುರುತುಗಳು ಕೂಡಲಿ. ನಡುಕವನ್ನು ಹಳೆಯ ಗಾಡಿಯ ಗುಣವೆಂದು ಸಹಿಸಬೇಡಿರಿ. ಅದು ಬೇರಿಂಗನ್ನೂ ಎಣ್ಣೆಯ ಸೀಲನ್ನೂ ತಿನ್ನುತ್ತದೆ. ಓಡುವಾಗ ಮುಂದಿನ ಕೀಲು ಮುರಿದರೆ ಷಾಫ್ಟು ರಸ್ತೆಗೆ ಬಿದ್ದು ಪ್ರಾಣಕ್ಕೇ ಸಂಚಕಾರ.

ಮರುವಾರ ತಾಯಿಯವರನ್ನು ದಕ್ಷಿಣೇಶ್ವರಕ್ಕೆ ಕರೆದೊಯ್ದೆವು. ಹಿಂದಿನ ಸೀಟಿನಲ್ಲಿ ಅವರು ನಿದ್ದೆಹೋಗಿದ್ದರು. ಗುಜರಿಯ ಮಾತು ಮತ್ತೆ ಬರಲಿಲ್ಲ.